ಬಾರದ ಬಿಲ್, ಬಿಡದ ಲಾಕ್

ಪ್ರಶ್ನೆ: ಮಲ್ಪೆಯ ಒಬ್ಬರು ಮೀನು ವ್ಯಾಪಾರಿಗೆ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಉಬುಂಟು ಸರ್ವರ್, ಪೈಥಾನ್ 3.10. ದರದ ಫೈಲ್ ಇಂಪೋರ್ಟ್ ಆದ ಕೂಡಲೇ ಒಂದು ಥ್ರೆಡ್ (ಪ್ರೋಗ್ರಾಂ ಒಳಗೇ ಪಕ್ಕದಲ್ಲಿ ಓಡುವ ಕೆಲಸ) ಶುರುವಾಗಿ ಬಂಗುಡೆ, ಬೂತಾಯಿ, ಅಂಜಲ್ ದರವನ್ನು ನಿಮಿಷಕ್ಕೊಮ್ಮೆ ತರುತ್ತದೆ. ಪಿಡಿಎಫ್ ಮಾಡಲು ನಾಲ್ಕು ಪ್ರೊಸೆಸ್‌ಗಳ ಪೂಲ್ (ಕೆಲಸ ಹಂಚಿಕೊಳ್ಳುವ ಗುಂಪು). ಮೆಮೊರಿ ಏರುತ್ತಿತ್ತು ಅಂತ 50 ಬಿಲ್ ಆದ ಮೇಲೆ ಪ್ರೊಸೆಸ್ ಬದಲಾಗುವ ಹಾಗೆ ಇಟ್ಟಿದ್ದೇನೆ. ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ದಿನಾ ಒಂದೆರಡು ಬಿಲ್ ಬರುವುದೇ ಇಲ್ಲ. ಎರರ್ ಇಲ್ಲ, ಸಿಪಿಯು ಸೊನ್ನೆ. ಮಳೆಗೆ ನೆಟ್ ನಿಧಾನವಾದ ದಿನ ಜಾಸ್ತಿ. ನನ್ನ ಮ್ಯಾಕ್‌ನಲ್ಲಿ ಒಮ್ಮೆಯೂ ಆಗಿಲ್ಲ. ಸದ್ಯ ಗಂಟೆಗೊಮ್ಮೆ ರೀಸ್ಟಾರ್ಟ್ ಹಾಕಿದ್ದೇನೆ. ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ನೋಡಿಕೊಳ್ಳುವ ಪೈಥಾನ್‌ನದೇ ಲಾಕ್, ಜಿಐಎಲ್, ಇದ್ದೂ ಹೀಗಾಗುವುದುಂಟಾ?
– ಹೆಸರು ಬೇಡ, ಉಡುಪಿ

ಉತ್ತರ: ಆ ರೀಸ್ಟಾರ್ಟ್ ಮೊದಲು ತೆಗೆಯಿರಿ ಮಾರಾಯ್ರೆ. ಕೈಗೆ ಸಿಕ್ಕಿದ ಸಾಕ್ಷಿಯನ್ನು ಗಂಟೆಗೊಮ್ಮೆ ನೀವೇ ಅಳಿಸಿ ಹಾಕುತ್ತಿದ್ದೀರಿ. ಇನ್ನೊಮ್ಮೆ ಬಿಲ್ ನಿಂತಾಗ ಆ ಪ್ರೊಸೆಸ್ಸನ್ನು ಕೊಲ್ಲಬೇಡಿ. ಅದರ ನಂಬರ್ ಕೊಟ್ಟು, ಸುಡೋ (ಅಡ್ಮಿನ್ ಅಧಿಕಾರ) ಹಾಕಿ, ಓಡುತ್ತಿರುವ ಪೈಥಾನ್ ಒಳಗೆ ಇಣುಕುವ ಪೈ-ಸ್ಪೈಯ ಡಂಪ್ ಓಡಿಸಿ. ಯಾವ ಸಾಲಿನಲ್ಲಿ ಕೂತಿದೆ ಅಂತ ಅದೇ ಹೇಳುತ್ತದೆ. ದರದ ಪಟ್ಟಿ ಓದುವ ಮೊದಲು ಲಾಕ್ (ಒಂದು ಸಲಕ್ಕೆ ಒಬ್ಬರೇ ಪಟ್ಟಿ ಮುಟ್ಟುವಂತೆ ಹಾಕುವ ಬೀಗ) ಹಿಡಿಯುವ ಸಾಲು ಅಂತ ನನ್ನ ಊಹೆ. ಜೊತೆಗೆ ಇನ್ನೊಂದು ವಿಷಯ ಕಾಣುತ್ತದೆ: ಆ ಪ್ರೊಸೆಸ್‌ನಲ್ಲಿ ದರ ತರುವ ಥ್ರೆಡ್ಡೇ ಇಲ್ಲ.

ಯಾಕೆಂದರೆ ನಿಮ್ಮ ಸರ್ವರ್‌ನಲ್ಲಿ ಪೂಲ್ ಹೊಸ ಪ್ರೊಸೆಸ್ ಹುಟ್ಟಿಸುವುದು ಫೋರ್ಕ್‌ನಿಂದ: ಓಡುವ ಪ್ರೊಸೆಸ್ (ಪೇರೆಂಟ್) ತನ್ನದೇ ನಕಲು (ಚೈಲ್ಡ್) ಮಾಡುತ್ತದೆ. ಆಗ ಮೆಮೊರಿಯ ಪ್ರತಿ ಪೂರ್ತಿ ಬರುತ್ತದೆ, ಥ್ರೆಡ್ ಮಾತ್ರ ಒಂದೇ, ಫೋರ್ಕ್ ಕರೆದದ್ದು. ಮನೆಯ ತದ್ರೂಪು ಕಟ್ಟಿಸಿ, ಬೀಗ ಹಾಕಿದ ಕಪಾಟನ್ನೂ ಹಾಗೇ ತಂದು, ಕೀಲಿಕೈ ಇದ್ದ ದೊಡ್ಡಪ್ಪನನ್ನು ಹಳೇ ಮನೆಯಲ್ಲೇ ಬಿಟ್ಟ ಹಾಗೆ. ಪೇರೆಂಟ್‌ನಲ್ಲಿ ದರದ ಥ್ರೆಡ್ ಲಾಕ್ ಹಿಡಿದಿದ್ದ ಕ್ಷಣದಲ್ಲೇ ಚೈಲ್ಡ್ ಹುಟ್ಟಿದರೆ, ಚೈಲ್ಡ್‌ನ ಲಾಕ್ ಬಿಡಿಸುವವರು ಯಾರೂ ಇಲ್ಲ.

ಜಿಐಎಲ್ ಇದಕ್ಕೆ ಅಡ್ಡ ಬರುವುದಿಲ್ಲ. ಪೈಥಾನ್ ಥ್ರೆಡ್ ನೆಟ್‌ವರ್ಕ್‌ಗೆ ಕಾಯುವಾಗ ಜಿಐಎಲ್ ಬಿಟ್ಟುಕೊಡುತ್ತದೆ. ನಿಮ್ಮ ಸ್ವಂತ ಲಾಕನ್ನು ಬಿಡುವುದಿಲ್ಲ. ನೀವು ಲಾಕ್ ಹಿಡಿದುಕೊಂಡೇ ದರ ಡೌನ್‌ಲೋಡ್ ಮಾಡುತ್ತಿದ್ದೀರಿ, ಅಲ್ಲವಾ? ನೆಟ್ ನಿಧಾನವಾದಷ್ಟೂ ಲಾಕ್ ಹಿಡಿದ ಹೊತ್ತು ಉದ್ದ. ಮಳೆಯ ಗುಟ್ಟು ಅಷ್ಟೇ.

ಮ್ಯಾಕ್‌ನಲ್ಲಿ ಆಗದಿರುವುದೂ ಇದೇ ಕಾರಣಕ್ಕೆ. 2019ರ ಪೈಥಾನ್ 3.8ರಿಂದ ಅಲ್ಲಿ ಮಲ್ಟಿಪ್ರೊಸೆಸಿಂಗ್ (ಪೂಲ್ ಕೊಡುವ ಪೈಥಾನ್ ಲೈಬ್ರರಿ) ತಾನಾಗಿ ಬಳಸುವುದು ಸ್ಪಾನ್. ಚೈಲ್ಡ್ ಹೊಸ ಪೈಥಾನ್ ಆಗಿ ಎದ್ದು ನಿಮ್ಮ ಫೈಲ್‌ಗಳನ್ನು ಮೊದಲಿನಿಂದ ಓದುತ್ತದೆ, ದರದ ಥ್ರೆಡ್ಡೂ ಅಲ್ಲೇ ಹುಟ್ಟುತ್ತದೆ. ಉಬುಂಟುವಿನಂಥ ಲಿನಕ್ಸ್‌ನಲ್ಲಿ 3.14ರ ತನಕ ಫೋರ್ಕ್ ಇತ್ತು, ಈಗ ಫೋರ್ಕ್‌ಸರ್ವರ್ (ಫೋರ್ಕ್ ಮಾಡುವುದಕ್ಕೇ ಬೇರೆ ಪ್ರೊಸೆಸ್). ನೀವು 3.12ರಲ್ಲಿದ್ದಿದ್ದರೆ ಥ್ರೆಡ್ ಇರುವಾಗ ಫೋರ್ಕ್ ಮಾಡಿದ್ದಕ್ಕೆ ಎಚ್ಚರಿಕೆಯಾದರೂ ಬರುತ್ತಿತ್ತು. 3.10 ಬಾಯಿ ಬಿಡುವುದಿಲ್ಲ.

"ಪೂಲ್ ಮೊದಲು ಶುರು ಮಾಡಿ, ಥ್ರೆಡ್ ಆಮೇಲೆ" ಅಂತ ಯಾರಾದರೂ ಹೇಳಿಯಾರು. ನಿಮಗೆ ಅದು ಸಾಲದು. 50 ಬಿಲ್ ಮುಗಿದಾಗೆಲ್ಲ ಪೂಲ್ ನಡುಹಗಲಿನಲ್ಲೇ ಹೊಸ ಚೈಲ್ಡ್ ಫೋರ್ಕ್ ಮಾಡುತ್ತದಲ್ಲ. ಸರ್ವರ್‌ನಲ್ಲೂ ಸ್ಪಾನ್ ಹಾಕಿ. ಆದರೆ ಪ್ರತಿ ಚೈಲ್ಡ್ ತಾನೇ ದರ ತರಲು ಓಡುವುದು ದಂಡ. ದರದ ಥ್ರೆಡ್ಡನ್ನು ಇಂಪೋರ್ಟ್‌ನಿಂದ ಹೊರಗೆ ತೆಗೆದು ಪೇರೆಂಟ್‌ನಲ್ಲಿ ಮಾತ್ರ ಶುರು ಮಾಡಿ, ಆಯಾ ಬಿಲ್ಲಿನ ದರವನ್ನು ಕೆಲಸದ ಜೊತೆಗೇ ಚೈಲ್ಡ್‌ಗೆ ಕಳಿಸಿ. ಆಗ ಚೈಲ್ಡ್‌ಗೆ ಲಾಕಿನ ಅಗತ್ಯವೇ ಇಲ್ಲ. ಡೌನ್‌ಲೋಡ್ ಲಾಕಿನ ಹೊರಗೆ, ಪಟ್ಟಿ ಬದಲಿಸುವುದಷ್ಟೇ ಲಾಕಿನ ಒಳಗೆ.

ನೀವು ಕೇಳದ ಒಂದು ಮಾತು ಉಂಟು, ನನಗೆ ಅದರದ್ದೇ ಹೆಚ್ಚು ಚಿಂತೆ. ನಿಲ್ಲದೆ ಓಡಿದ ಚೈಲ್ಡ್‌ಗಳಲ್ಲೂ ದರದ ಥ್ರೆಡ್ ಇಲ್ಲ. ಅಂದರೆ ಹುಟ್ಟಿದ ಹೊತ್ತಿನ ಅಂಜಲ್ ದರವನ್ನೇ ಹಿಡಿದು 50 ಬಿಲ್ ಹೊಡೆದಿವೆ. ಏಲಂ ದರ ಏರಿಳಿದ ಒಂದು ದಿನದ ಬಿಲ್‌ಗಳನ್ನು ತೆಗೆದು ಆ ದಿನದ ದರಪಟ್ಟಿಗೆ ತಾಳೆ ನೋಡಿ, ವ್ಯಾಪಾರಿ ಕೇಳುವ ಮೊದಲು.