ನಸುಕಿನಲ್ಲಿ ತೊಯ್ಯುವ ಕೌದಿ: ಮಕ್ಕಳ ವೈದ್ಯರಿಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ವೈದ್ಯರಿಗೆ ನಮಸ್ಕಾರ. ನನ್ನ ಮಗನಿಗೆ 11 ತಿಂಗಳು, ತೂಕ 10 ಕಿಲೋ. ರಾತ್ರಿ ಒಂಬತ್ತಕ್ಕೆ ಹೊಸ ಡೈಪರ್ ಹಾಕಿ ಮಲಗಿಸಿದರೂ ನಸುಕಿನ ಹೊತ್ತಿಗೆ ಹೊಟ್ಟೆಯ ಕಡೆ ಅಂಗಿ ತೊಯ್ದು, ಹಾಸಿದ ಕೌದಿಯೂ ಒದ್ದೆಯಾಗಿರುತ್ತದೆ. ಕಂಪನಿ ಬದಲಿಸಿ ನೋಡಿದ್ದೂ ಆಯಿತು, ದುಬಾರಿಯದನ್ನು ತಂದಿದ್ದೂ ಆಯಿತು. ಸಂಜೆಯ ಮೇಲೆ ಹಾಲು, ನೀರು ಕೊಡುವುದನ್ನು ನಿಲ್ಲಿಸು ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ? – ಓದುಗರೊಬ್ಬರು, ಸಿಂಧನೂರು

ಉತ್ತರ: ಮೊದಲು ನಿಮ್ಮ ಅತ್ತೆಯವರ ಸಲಹೆಯ ವಿಷಯ. ಡೈಪರ್ ಸೋರುತ್ತದೆ ಎಂದು ಮಗುವಿನ ಹಾಲು, ನೀರನ್ನು ಕಡಿತ ಮಾಡುವುದು ಸರಿಯಲ್ಲ. ರಾತ್ರಿಯೂ ಸೆಕೆ ಇಳಿಯದ ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಂತೂ ಅದು ಅಪಾಯಕ್ಕೆ ದಾರಿ. ಮೂತ್ರ ಕಡಿಮೆಯಾಗಿ, ಗಾಢ ಹಳದಿ ಬಣ್ಣಕ್ಕೆ ತಿರುಗಿದರೆ ಮಗುವಿನ ಮೈಯಲ್ಲಿ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಮಗುವಿಗೆ ಕೊಡುವುದನ್ನು ಕೊಡುತ್ತಲೇ ಇರಿ. ಬೇಕಿದ್ದರೆ ಮಲಗುವ ಮುನ್ನ ಕೊಡುವ ಹಾಲನ್ನು ಅರ್ಧ ಗಂಟೆ ಹಿಂದಕ್ಕೆ ತಂದು, ಹಾಲು ಕುಡಿದ ನಂತರ, ಮಲಗಿಸುವ ಕ್ಷಣದಲ್ಲಿ ಹೊಸ ಡೈಪರ್ ಹಾಕಿ. ಹಾಲಿಗೆ ಮುಂಚೆ ಹಾಕಿದರೆ ನಿದ್ದೆ ಹತ್ತುವಷ್ಟರಲ್ಲಿ ಅದು ಒಮ್ಮೆ ತೊಯ್ದಿರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಆರೋಗ್ಯವಾಗಿರುವ ಕೂಸು ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1ರಿಂದ 2 ಮಿಲಿಲೀಟರ್ ಮೂತ್ರ ಮಾಡುತ್ತದೆ. ನಿಮ್ಮ ಮಗನ ತೂಕಕ್ಕೆ ಹತ್ತು ಗಂಟೆಯ ರಾತ್ರಿಗೆ ಇದು 100ರಿಂದ 200 ಮಿಲಿಲೀಟರ್ ಆಗುತ್ತದೆ. ಹೆಚ್ಚೆಂದರೆ ಒಂದು ಲೋಟ. ಡೈಪರಿನೊಳಗೆ ಹತ್ತಿಯಂಥ ನಾರಿನ ನಡುವೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರಿನ ಹರಳುಗಳಿರುತ್ತವೆ. ಒಣಬೇಸಾಯದ ಹೊಲಗಳಲ್ಲಿ ತೇವ ಹಿಡಿದಿಡಲು ಬಳಸುವ ಹೈಡ್ರೋಜೆಲ್ ಕೂಡ ಇದೇ ಬಗೆಯ ವಸ್ತು. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಅದು ಲೋಳೆಯಾಗುತ್ತದೆ. ಆದ್ದರಿಂದ ಒಂದು ಲೋಟ ಮೂತ್ರವನ್ನು ಹಿಡಿಯುವ ಶಕ್ತಿ ಸಾಧಾರಣ ಬೆಲೆಯ ಡೈಪರಿಗೂ ಇರುತ್ತದೆ. ಹಾಗಾದರೆ ಸೋರುವುದೇಕೆ? ಮೂತ್ರ ಬಿದ್ದ ಜಾಗ ಒಂದು, ಹೀರುವ ಭಾಗ ಇನ್ನೊಂದು ಆಗಿರುವುದರಿಂದ. ಇಲ್ಲವೇ ಹೀರಿಕೊಳ್ಳುವಷ್ಟು ಸಮಯ ಸಿಗುವ ಮುನ್ನವೇ ಅದು ಅಂಚಿನ ಸಂದಿಯಿಂದ ಹೊರಗೆ ಹೋಗುವುದರಿಂದ. ಎರಡಕ್ಕೂ ದುಬಾರಿ ಕಂಪನಿ ಮದ್ದಲ್ಲ.

ಹಾಗಾಗಿ ನಾಳೆ ನಸುಕಿನಲ್ಲಿ ಕೌದಿಯನ್ನು ಒಗೆಯಲು ಹಾಕುವ ಮುನ್ನ, ಎಲ್ಲಿ ಒದ್ದೆಯಾಗಿದೆ ಎಂದು ಕೈಯಾಡಿಸಿ ನೋಡಿ, ಬಿಚ್ಚಿದ ಡೈಪರನ್ನೂ ಹಿಡಿದು ನೋಡಿ. ಹಿಂಭಾಗ ಹಗುರವಾಗಿ ಒಣಗಿದ್ದು, ಮುಂಭಾಗ ಮಾತ್ರ ಉಬ್ಬಿ ಭಾರವಾಗಿದ್ದರೆ ಕಾರಣ ಸಿಕ್ಕಿತು. ಗಂಡುಮಕ್ಕಳಲ್ಲಿ ಹೊಟ್ಟೆಯ ಕಡೆ ಸೋರುವುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಬಹಳ ಸಣ್ಣದು: ಡೈಪರ್ ಕಟ್ಟುವಾಗ ಶಿಶ್ನ ಮೇಲ್ಮುಖವಾಗಿಯೋ ಪಕ್ಕಕ್ಕೋ ಉಳಿದುಬಿಡುತ್ತದೆ. ಅದನ್ನು ಕೆಳಮುಖವಾಗಿರಿಸಿ ಕಟ್ಟಿದರೆ ಎಷ್ಟೋ ಮನೆಗಳಲ್ಲಿ ಅಂದಿನಿಂದಲೇ ತೊಂದರೆ ನಿಲ್ಲುತ್ತದೆ. ಮಗು ತಾನಾಗಿಯೇ ಮಗ್ಗುಲಾಗಿ ಬೋರಲು ಮಲಗುವ ಅಭ್ಯಾಸದ್ದಾದರೆ ಮುಂಭಾಗ ಇನ್ನಷ್ಟು ಬೇಗ ತುಂಬುತ್ತದೆ. ಆಗ ಡೈಪರಿನ ಮುಂಭಾಗವನ್ನು ಹೊಕ್ಕುಳಿನ ಕಡೆಗೆ ಒಂದಿಷ್ಟು ಮೇಲೆಳೆದು ಕಟ್ಟಬೇಕು. ಆದರೆ ಮಲಗಿಸುವಾಗ ಮಾತ್ರ ಯಾವಾಗಲೂ ಬೆನ್ನಿನ ಮೇಲೆಯೇ ಮಲಗಿಸಿ. ಡೈಪರ್ ಸೋರಬಾರದೆಂದು ಪಕ್ಕದಲ್ಲಿ ದಿಂಬು ಕೊಟ್ಟು ಹೊರಳದಂತೆ ಮಾಡುವುದು ಬೇಡ.

ತೊಡೆಯ ಪಕ್ಕದಿಂದ ಸೋರುತ್ತಿದ್ದರೆ ಕಾರಣ ಬೇರೆ. ಡೈಪರಿನ ಒಳಗೆ ಕಾಲಿನ ಸುತ್ತ ತೆಳುವಾದ ನೆರಿಗೆಯ ಪಟ್ಟಿಯೊಂದು ಇರುತ್ತದೆ. ಅವಸರದಲ್ಲಿ ಹಾಕಿದಾಗ ಅದು ಒಳಕ್ಕೆ ಮಡಚಿಕೊಳ್ಳುತ್ತದೆ. ಕಟ್ಟಿದ ಮೇಲೆ ಎರಡೂ ತೊಡೆಯ ಸಂದಿಯಲ್ಲಿ ಬೆರಳು ಹಾಯಿಸಿ ಆ ನೆರಿಗೆಯನ್ನು ಹೊರಕ್ಕೆಳೆಯಬೇಕು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಮನೆಗಳಲ್ಲಿ, ಮೊಬೈಲಿನ ಬೆಳಕಿನಲ್ಲಿ ಡೈಪರ್ ಬದಲಿಸುವಾಗ, ತಪ್ಪಿಹೋಗುವುದು ಸಾಮಾನ್ಯವಾಗಿ ಇದೊಂದೇ. ಅಂಗಿಯ ಅಂಚು ಡೈಪರಿನೊಳಗೆ ಸಿಕ್ಕಿಕೊಂಡಿದ್ದರೂ ಅದು ಬತ್ತಿಯ ಹಾಗೆ ಮೂತ್ರವನ್ನು ಹೊರಕ್ಕೆಳೆದು ಬೆನ್ನಿನವರೆಗೂ ತೋಯಿಸುತ್ತದೆ. ಮೈಗೆ ಬಿಗಿಯಾದ ಚಡ್ಡಿಯನ್ನು ಮೇಲೆ ಹಾಕಿದರೆ ತುಂಬಿದ ಡೈಪರ್ ಹಿಂಡಿದಂತಾಗುತ್ತದೆ, ಆದ್ದರಿಂದ ರಾತ್ರಿಗೆ ಸಡಿಲವಾದದ್ದು ಸಾಕು. ಸೀರೆಯ ಜೋಳಿಗೆಯಲ್ಲಿ ಮಲಗುವ ಮಗುವಿನ ಬೆನ್ನು ಬಾಗಿ ಮೊಣಕಾಲು ಮೇಲೆ ಬರುವುದರಿಂದ ಸೊಂಟದ ಹಿಂದೆ ಸಂದಿ ಬೀಳುತ್ತದೆ; ರಾತ್ರಿಯಿಡೀ ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲಿ ಮಲಗಿಸುವುದು ಡೈಪರಿಗಿಂತಲೂ ಮಗುವಿನ ಉಸಿರಾಟಕ್ಕೆ ಒಳ್ಳೆಯದು.

ಅಳತೆಯ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ಎಂ ಅಳತೆಯ ಪೊಟ್ಟಣದ ಮೇಲೆ 7ರಿಂದ 12 ಕಿಲೋ, ಎಲ್ ಅಳತೆಯ ಮೇಲೆ 9ರಿಂದ 14 ಕಿಲೋ ಎಂದಿರುತ್ತದೆ. ನಿಮ್ಮ ಮಗ ಎರಡರ ನಡುವೆ ಇದ್ದಾನೆ. ಹಗಲಿಗೆ ಎಂ ಇರಲಿ, ರಾತ್ರಿಗೆ ಎಲ್ ಹಾಕಿ; ದೊಡ್ಡ ಅಳತೆಯಲ್ಲಿ ಹೀರುವ ವಸ್ತುವೂ ಹೆಚ್ಚಿರುತ್ತದೆ. ಕಟ್ಟಿದಾಗ ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು. ಬೆಳಿಗ್ಗೆ ತೊಡೆಯ ಮೇಲೆ ಕೆಂಪು ಗೆರೆ ಮೂಡಿದ್ದರೆ ಚಿಕ್ಕದಾಯಿತು ಎಂದು ತಿಳಿಯಿರಿ, ತೊಡೆಯ ಸುತ್ತ ಸಂದಿ ಕಂಡರೆ ದೊಡ್ಡದಾಯಿತು ಎಂದು. ಚಡ್ಡಿಯಂತೆ ಏರಿಸುವ ಡೈಪರ್ ಓಡಾಡುವ ಮಗುವಿಗೆ ಅನುಕೂಲ ನಿಜ, ಆದರೆ ರಾತ್ರಿಗೆ ಅಂಟುಪಟ್ಟಿ ಇರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸೊಂಟಕ್ಕೆ ತಕ್ಕಂತೆ ಬಿಗಿ ಮಾಡಬಹುದು, ಮಲಗಿರುವಾಗಲೇ ಎಬ್ಬಿಸದೆ ಬದಲಿಸಲೂಬಹುದು. ಇಷ್ಟು ಮಾಡಿಯೂ ಸೋರಿದರೆ, ಮಗು ಹಾಲಿಗೆ ಏಳುವ ಹೊತ್ತಿನಲ್ಲಿ ಒಮ್ಮೆ ಬದಲಿಸಿಬಿಡಿ. ಪೊಟ್ಟಣದ ಮೇಲೆ 12 ಗಂಟೆ ಎಂದು ಅಚ್ಚಾಗಿದ್ದರೂ ಅದು ನಿಮ್ಮ ಮಗನನ್ನು ನೋಡಿ ಬರೆದದ್ದಲ್ಲ. ಮಲವಿಸರ್ಜನೆ ಆಗಿದ್ದರೆ ಎಷ್ಟೇ ಹೊತ್ತಾಗಿರಲಿ ತಕ್ಷಣ ಬದಲಿಸಬೇಕು.

ಪ್ರಶ್ನೆ: ನಾವು ಏಳು ತಿಂಗಳ ಮಗಳಿಗೆ ಬಟ್ಟೆಯ ಡೈಪರ್ ಮತ್ತು ಹಳೆಯ ಧೋತರದ ಲಂಗೋಟಿಗಳನ್ನೇ ಬಳಸುತ್ತೇವೆ. ಮೊದಮೊದಲು ರಾತ್ರಿಯ ಬಹುಪಾಲು ತಡೆಯುತ್ತಿದ್ದವು, ಈಗ ಎರಡೇ ತಾಸಿಗೆ ಸೋರುತ್ತವೆ. ನಮ್ಮಲ್ಲಿ ಬೋರ್‌ವೆಲ್ಲಿನ ಸವಳು ನೀರು. ಇದಕ್ಕೂ ಅದಕ್ಕೂ ಸಂಬಂಧವಿದೆಯೇ? – ಓದುಗರೊಬ್ಬರು, ಗಂಗಾವತಿ

ಉತ್ತರ: ಇದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬಾರ್ ಸೋಪಿನೊಂದಿಗೆ ಸೇರಿ, ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಅಂಟುವ ಜಿಡ್ಡಾಗುತ್ತದೆ. ಅದೇ ಜಿಡ್ಡು ಬಟ್ಟೆಯ ಎಳೆಗಳ ಮೇಲೂ ಕೂತು ನೀರು ಹೀರದಂತೆ ಮಾಡುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸಾಫ್ಟನರ್, ಮಗುವಿಗೆ ಹಚ್ಚಿದ ಕೊಬ್ಬರಿ ಎಣ್ಣೆ, ವ್ಯಾಸಲಿನ್ ಇವುಗಳ ಪರಿಣಾಮವೂ ಹಾಗೆಯೇ. ಒಣಗಿದ ಲಂಗೋಟಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ತಕ್ಷಣ ಇಂಗಿದರೆ ಬಟ್ಟೆ ಸರಿಯಿದೆ. ಹನಿ ಮುತ್ತಿನಂತೆ ನಿಂತು ಜಾರಿದರೆ ಜಿಡ್ಡು ಕೂತಿದೆ. ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿಯಲ್ಲಿ ಬಿಸಿನೀರಿಗೆ ನೆನೆಹಾಕಿ ಒಗೆಯಿರಿ, ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿಸಿ. ಕೊನೆಯ ಜಾಲಾಟಕ್ಕಾದರೂ ತುಂಗಭದ್ರೆಯ ನಲ್ಲಿ ನೀರು ಸಿಕ್ಕರೆ ಒಳ್ಳೆಯದು. ಸಾಫ್ಟನರ್ ಪೂರ್ತಿ ಬಿಟ್ಟುಬಿಡಿ. ಒಣಗಿಸಲು ನಮ್ಮೂರ ಬಿಸಿಲಿಗಿಂತ ಬೇರೆ ಯಂತ್ರ ಬೇಕಿಲ್ಲ.

ಹೆಣ್ಣುಮಕ್ಕಳಲ್ಲಿ ಮೂತ್ರ ನಡುಭಾಗಕ್ಕೂ ಹಿಂದಕ್ಕೂ ಹರಿಯುವುದರಿಂದ ಲಂಗೋಟಿಯ ಹೆಚ್ಚಿನ ಮಡಿಕೆ ಅಲ್ಲಿಯೇ ಬರಬೇಕು. ಒಳಗಿನ ಬಟ್ಟೆಯ ಅಂಚು ಹೊರಗಿನ ನೀರುತಡೆ ಕವಚದಿಂದ ಒಂದು ಎಳೆಯಷ್ಟೂ ಆಚೆ ಇಣುಕಬಾರದು. ಮನೆಯ ಪ್ಲಾಸ್ಟಿಕ್ ಕವರನ್ನು ಕತ್ತರಿಸಿ ಮೇಲೆ ಕಟ್ಟುವ ಅಭ್ಯಾಸ ಕೆಲವರಲ್ಲಿದೆ. ಮೈ ಬೆಂದು ಗಂಧೆ ಏಳುವುದಲ್ಲದೆ, ಬಿಚ್ಚಿಕೊಂಡ ಪ್ಲಾಸ್ಟಿಕ್ ಮಗುವಿನ ಮುಖಕ್ಕೆ ಬಂದರೆ ಉಸಿರು ಕಟ್ಟುತ್ತದೆ. ಹಾಸಿಗೆ ಉಳಿಸಲು ರಬ್ಬರ್ ಶೀಟನ್ನು ನೆರಿಗೆಯಿಲ್ಲದಂತೆ ಬಿಗಿಯಾಗಿ ಹಾಸಿ, ಅದರ ಮೇಲೆ ಒಂದೇ ಒಂದು ತೆಳು ಹತ್ತಿ ಬಟ್ಟೆ ಹಾಕಿ. ಚಳಿಗಾಲದಲ್ಲಿ ಬೆವರು ಕಡಿಮೆಯಾಗಿ ಮೂತ್ರ ಹೆಚ್ಚುವುದರಿಂದ ಆಗ ಒಂದು ಮಡಿಕೆ ಜಾಸ್ತಿ ಬೇಕಾಗಬಹುದು.

ಪ್ರಶ್ನೆ: ಮೊಮ್ಮಗಳಿಗೆ ನಾಲ್ಕು ವರ್ಷ. ಹಗಲು ಸರಿಯಾಗಿದ್ದಾಳೆ, ರಾತ್ರಿ ಡೈಪರ್ ಬಿಡಿಸಿದರೆ ಹಾಸಿಗೆ ಒದ್ದೆ. ಬೈದು ಅಭ್ಯಾಸ ಮಾಡಿಸಬೇಕೇ? – ಓದುಗರೊಬ್ಬರು, ಬಳ್ಳಾರಿ

ಉತ್ತರ: ಬೈಯಬೇಡಿ. ನಿದ್ದೆಯಲ್ಲಿ ಮೂತ್ರ ತಡೆಯುವುದು ಕಲಿಸಿ ಬರುವ ವಿದ್ಯೆಯಲ್ಲ. ರಾತ್ರಿ ಮೂತ್ರವನ್ನು ಕಡಿಮೆ ಮಾಡುವ ಹಾರ್ಮೋನು ಮತ್ತು ಮೂತ್ರಕೋಶ ಎರಡೂ ಹದಕ್ಕೆ ಬರಬೇಕು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳು ಆಗಲೂ ಹಾಸಿಗೆ ಒದ್ದೆ ಮಾಡುತ್ತವೆ. ಅಲ್ಲಿಯವರೆಗೆ ಇದನ್ನು ಕಾಯಿಲೆ ಎಂದು ಕರೆಯುವುದಿಲ್ಲ. ಮಲಗುವ ಮುನ್ನ ಒಮ್ಮೆ ಮೂತ್ರಕ್ಕೆ ಕೂರಿಸಿ, ಮಲಬದ್ಧತೆ ಇದ್ದರೆ ಅದನ್ನು ಸರಿಪಡಿಸಿ, ಡೈಪರ್ ಹಾಕುವುದಕ್ಕೆ ಸಂಕೋಚ ಬೇಡ. ಆರು ತಿಂಗಳು ಒಣಗಿದ್ದ ಮಗು ಮತ್ತೆ ಶುರು ಮಾಡಿದರೆ, ಮೂತ್ರ ಮಾಡುವಾಗ ಉರಿ ಎಂದರೆ, ವಿಪರೀತ ಬಾಯಾರಿಕೆಯೊಂದಿಗೆ ತೂಕ ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಒದ್ದೆ ತಡೆಯಲು ಡೈಪರಿನೊಳಗೆ ಪೌಡರ್ ಹಾಕಬಹುದೇ? ಮಗುವಿಗೆ ಗಂಧೆಯೂ ಎದ್ದಿದೆ. – ಓದುಗರೊಬ್ಬರು, ಕುಷ್ಟಗಿ

ಉತ್ತರ: ಬೇಡ. ಪೌಡರಿನಿಂದ ಸೋರುವುದು ನಿಲ್ಲುವುದಿಲ್ಲ, ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ನೀರಿನಲ್ಲಿ ಒರೆಸಿ, ಗಾಳಿಗೆ ಬಿಟ್ಟು ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ಗಂಧೆಯ ಜಾಗಕ್ಕಷ್ಟೇ ತೆಳುವಾಗಿ ಹಚ್ಚಿ. ಡೈಪರಿಗೆ ಮೆತ್ತುವಷ್ಟು ಹಚ್ಚಿದರೆ ಅದು ಹೀರುವುದನ್ನೇ ನಿಲ್ಲಿಸುತ್ತದೆ. ಮೂರು ದಿನದಲ್ಲಿ ಇಳಿಯದಿದ್ದರೆ, ಅಥವಾ ತೊಡೆಯ ಸಂದಿಯಲ್ಲಿ ಗಾಢ ಕೆಂಪಾಗಿ ಸುತ್ತ ಸಣ್ಣ ಸಣ್ಣ ಗುಳ್ಳೆ ಹರಡಿದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಮೆಡಿಕಲ್ ಶಾಪಿನಲ್ಲಿ ಬಾಯಿಮಾತಿಗೆ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಹಚ್ಚಬೇಡಿ, ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ.