ಹಂಪಿಯಲ್ಲಿ ಇಬ್ಬರದೇ ಒಂದು ಫೋಟೋ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಬರುವ ಡಿಸೆಂಬರ್‌ಗೆ ನಮ್ಮ ಮದುವೆಯಾಗಿ 25 ವರ್ಷ. ನಾವಿಬ್ಬರೇ ಇರುವ ಫೋಟೋ ಅಂತ ಮನೆಯಲ್ಲಿ ಇರುವುದು ಒಂದೇ, ಅದೂ ಮದುವೆ ದಿನದ್ದು. ಆಮೇಲಿನದ್ದರಲ್ಲೆಲ್ಲ ಮಕ್ಕಳೋ ನೆಂಟರೋ ನಡುವೆ ಇದ್ದಾರೆ. ಈ ಸಲ ಎರಡು ದಿನ ಹಂಪಿಗೆ ಹೋಗುತ್ತಿದ್ದೇವೆ. ಅಲ್ಲಿ ಒಬ್ಬ ಫೋಟೋಗ್ರಾಫರನ್ನು ಬುಕ್ ಮಾಡೋಣ ಅಂದೆ. ಯಜಮಾನರು ‘ಜನ ನೋಡಿ ನಗ್ತಾರೆ’ ಅಂದರು. ಮಗ ‘ಪ್ರಿ-ವೆಡ್ಡಿಂಗ್ ಮಾಡಿಸ್ಕೊಳ್ಳೋ ವಯಸ್ಸಾ ಅಮ್ಮ’ ಅಂದ. ನನ್ನ ಆಸೆ ತಪ್ಪಾ? ಮಾಡಿಸುವುದಾದರೆ ಏನೇನು ಕೇಳಬೇಕು? ಒಬ್ಬರು ‘ಕಲ್ಲಿನ ರಥದ ಮುಂದೆ ಸೂರ್ಯೋದಯ’ ಅಂತ ಪ್ಯಾಕೇಜ್ ಹೇಳಿ ಅಡ್ವಾನ್ಸ್ ಕಳಿಸಿ ಅನ್ನುತ್ತಿದ್ದಾರೆ. ನನಗೆ ಮಂಡಿ ನೋವು ಬೇರೆ ಇದೆ. ಅಮ್ಮನ ಇಳಕಲ್ ಸೀರೆ ಉಡಬೇಕು ಅಂತಿದ್ದೇನೆ, ಆಗಬಹುದಾ?
— ಓದುಗರೊಬ್ಬರು, ದಾವಣಗೆರೆ (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ

ಅಕ್ಕಾ, ನಿಮ್ಮ ಕಾಗದ ಓದಿ ನಾನು ಮೊದಲು ಮಾಡಿದ ಕೆಲಸ ಹೇಳುತ್ತೇನೆ. ಮನೆಗೆ ಹೋಗಿ ನಮ್ಮ ಆಲ್ಬಮ್ ತೆಗೆದು ನೋಡಿದೆ. ನಾನೂ ನಮ್ಮೆಜಮಾನರೂ ಇಬ್ಬರೇ ಇರುವ ಫೋಟೋ ಎಷ್ಟಿವೆ ಅಂತ ಎಣಿಸಿದೆ. ಮೂರು. ಅದರಲ್ಲೊಂದು ರೇಷನ್ ಕಾರ್ಡಿಗೆ ಅಂತ ತೆಗೆಸಿದ್ದು. ಹಾಗಾಗಿ ನಿಮ್ಮ ಆಸೆ ತಪ್ಪಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಆಗಲೇ ಗೊತ್ತಾಗಿರಬೇಕು. ಖಂಡಿತ ಮಾಡಿಸಿ.

ನಿಮ್ಮ ಮಗನಿಗೆ ಇದು ಹೊಸ ಕಾಲದ ಹುಚ್ಚು ಅನ್ನಿಸಿದೆ. ಅವನಿಗೆ ಒಂದು ವಿಷಯ ಹೇಳಿ. ಹಂಪಿಯನ್ನು ಆಳಿದ ಕೃಷ್ಣದೇವರಾಯ ತನ್ನ ಇಬ್ಬರು ರಾಣಿಯರು, ತಿರುಮಲಾದೇವಿ ಮತ್ತು ಚಿನ್ನಾದೇವಿಯ ಜೊತೆ ಕೈಮುಗಿದು ನಿಂತಿರುವ ಲೋಹದ ಮೂರ್ತಿಗಳು ತಿರುಪತಿ ಬೆಟ್ಟದ ದೇವಸ್ಥಾನದಲ್ಲಿ ಇವತ್ತಿಗೂ ಇವೆ. ಸಂಸಾರ ಸಮೇತ ನಾವು ಇಲ್ಲಿಗೆ ಬಂದಿದ್ದೆವು ಅಂತ ಉಳಿಸಿ ಹೋಗುವ ಆಸೆ ರಾಜನಿಗೂ ಇತ್ತು. ನಮ್ಮ ಅಜ್ಜ ಅಜ್ಜಿಯರಿಗೂ ಇತ್ತು. ಮದುವೆಯಾದ ಹೊಸತರಲ್ಲಿ ಪೇಟೆಗೆ ಹೋಗಿ ಸ್ಟುಡಿಯೋದಲ್ಲಿ ಫೋಟೋ ತೆಗೆಸುತ್ತಿದ್ದರು. ಅಜ್ಜ ಕುರ್ಚಿ ಮೇಲೆ, ಅಜ್ಜಿ ಪಕ್ಕದಲ್ಲಿ ಕುರ್ಚಿ ಬೆನ್ನು ಹಿಡಿದುಕೊಂಡು. ಹಿಂದೆ ಬಣ್ಣ ಬಳಿದ ಪರದೆ. ಜಾತ್ರೆಯಲ್ಲಾದರೆ ತಾಜ್‌ಮಹಲ್ ಪರದೆ. ಆಗ ಯಾರೂ ನಗಲಿಲ್ಲ. ಆ ಫೋಟೋಗಳೇ ಇವತ್ತು ನಮ್ಮ ನಡುಮನೆ ಗೋಡೆ ಮೇಲಿವೆ, ಅಲ್ವಾ?

ಯಜಮಾನರ ಸಂಕೋಚ ಬೇರೆ ಥರದ್ದು. ಅದನ್ನು ಸುಮ್ನೆ ತಳ್ಳಿಹಾಕಬೇಡಿ. 50 ದಾಟಿದ ಗಂಡಸರಿಗೆ ಕ್ಯಾಮೆರಾ ಮುಂದೆ ಹೆಂಡತಿಯ ಭುಜದ ಮೇಲೆ ಕೈಯಿಡು ಅಂದರೆ ಕೈ ಕಟ್ಟಿಗೆ ಆಗುತ್ತದೆ. ನಮ್ಮವರಿಗೂ ಹಾಗೇ ಆಗಿತ್ತು. ನಮ್ಮ ಫೋಟೋ ತೆಗೆದ ಹುಡುಗ ಜಾಣ. ‘ಸಾರ್, ಕೈ ಎಲ್ಲಾದ್ರೂ ಇರ್ಲಿ ಬಿಡಿ. ಮೇಡಂ ಜೊತೆ ಬೆಳಿಗ್ಗೆ ತಿಂದ ತಿಂಡಿ ಬಗ್ಗೆ ಮಾತಾಡ್ಕೊಂಡು ನಡೀರಿ’ ಅಂದ. ಇಡ್ಲಿ ಗಟ್ಟಿಯಿತ್ತು ಅಂತ ಇವರು ಶುರು ಮಾಡಿದರು, ಚಟ್ನಿ ಚೆನ್ನಾಗಿತ್ತಲ್ಲ ಅಂತ ನಾನಂದೆ. ನನ್ನ ಜಡೆಗೆ ಒಂದು ಒಣ ಎಲೆ ಸಿಕ್ಕಿಕೊಂಡಿತ್ತು. ಮಾತಿನ ನಡುವೆ ಇವರು ಕೈ ಎತ್ತಿ ಅದನ್ನು ತೆಗೆದರು. ಅಷ್ಟೇ. ನಮ್ಮಲ್ಲಿರುವ ಫೋಟೋಗಳಲ್ಲೆಲ್ಲ ನನಗೆ ಅದೇ ಇಷ್ಟ.

ಅದಕ್ಕೇ ಬುಕ್ ಮಾಡುವ ಮುಂಚೆ ಫೋಟೋಗ್ರಾಫರ್ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ. ಮೆಸೇಜ್ ಸಾಲದು. ನಿಮ್ಮ ವಯಸ್ಸು, ಮಂಡಿ ನೋವು, ಯಜಮಾನರ ಸಂಕೋಚ, ಎಲ್ಲ ಹೇಳಿ. ಆ ಕಡೆಯವರು ಕೇಳಿಸಿಕೊಳ್ಳುತ್ತಾರಾ ಅಥವಾ ಪ್ಯಾಕೇಜ್ ಪಟ್ಟಿ ಓದುತ್ತಾರಾ ಅನ್ನುವುದು ಆಗಲೇ ಗೊತ್ತಾಗುತ್ತದೆ. ನಿಮ್ಮ ವಯಸ್ಸಿನ ಜೋಡಿಗಳನ್ನು ತೆಗೆದ ಫೋಟೋ ಇದ್ದರೆ ಕಳಿಸಿ ಅಂತ ಕೇಳಿ. ಆರಿಸಿದ ಹತ್ತು ಬೇಡ, ಒಂದೇ ದಿನ ಒಂದೇ ಜೋಡಿಗೆ ತೆಗೆದ ಪೂರ್ತಿ ಸೆಟ್ ನೋಡಬೇಕು ಅನ್ನಿ. ಆ ಜೋಡಿ ಒಪ್ಪಿದ್ದಾರಾ ಅಂತಲೂ ಕೇಳಿ. ಕೇಳದೇ ಕಳಿಸುವವರು ನಾಳೆ ನಿಮ್ಮದನ್ನೂ ಹೀಗೇ ಕಳಿಸುತ್ತಾರೆ.

ಇನ್ನು ‘ಕಲ್ಲಿನ ರಥದ ಮುಂದೆ ಸೂರ್ಯೋದಯ’. ಈ ಮಾತು ಹೇಳಿದವರಿಗೆ ಅಡ್ವಾನ್ಸ್ ಕಳಿಸಬೇಡಿ ಅಕ್ಕಾ. ಕಲ್ಲಿನ ರಥ ಇರುವುದು ವಿಠಲ ದೇವಸ್ಥಾನದ ಅಂಗಳದಲ್ಲಿ. ಸೂರ್ಯ ಹುಟ್ಟುವ ಹೊತ್ತಿಗೆ ಅದರ ಬಾಗಿಲೇ ತೆಗೆದಿರುವುದಿಲ್ಲ. ಡಿಸೆಂಬರ್‌ನಲ್ಲಿ ಹಂಪಿಯಲ್ಲಿ ಸೂರ್ಯ ಕಾಣುವುದು ಆರೂವರೆ ದಾಟಿದ ಮೇಲೆ. ಟಿಕೆಟ್ ಕೌಂಟರ್ ತೆಗೆದು ನೀವು ಒಳಗೆ ಹೋಗುವಷ್ಟರಲ್ಲಿ ಬಿಸಿಲು ಏರಿರುತ್ತದೆ. ನಿಮ್ಮ ಕಾರನ್ನೂ ದೇವಸ್ಥಾನದವರೆಗೆ ಬಿಡುವುದಿಲ್ಲ. ಸುಮಾರು ಒಂದು ಕಿಲೋಮೀಟರ್ ಹಿಂದೆಯೇ ನಿಲ್ಲಿಸಿ ಬ್ಯಾಟರಿ ಗಾಡಿಗೆ ಸಾಲು ನಿಲ್ಲಬೇಕು. ರಜೆ ದಿನವಾದರೆ ನೀವು ದುಡ್ಡು ಕೊಟ್ಟ ಎರಡು ಗಂಟೆಯಲ್ಲಿ ದೊಡ್ಡ ಪಾಲು ಈ ಸಾಲಿನಲ್ಲೇ ಕಳೆದುಹೋಗುತ್ತದೆ. ಊರು ಬಲ್ಲ ಫೋಟೋಗ್ರಾಫರ್ ಇದನ್ನು ತಾವಾಗಿಯೇ ಹೇಳುತ್ತಾರೆ. 50 ರೂಪಾಯಿ ನೋಟಿನ ಹಿಂದೆ ಇರುವ ಆ ರಥವನ್ನು ನೀವು ಬೇರೆ ಹೊತ್ತಿನಲ್ಲಿ, ಕ್ಯಾಮೆರಾದ ಗಡಿಬಿಡಿ ಇಲ್ಲದೆ, ನಿಧಾನವಾಗಿ ನೋಡಿ.

ಬೆಳಗಿನ ಹೊತ್ತಿಗೆ ನನ್ನ ಆಯ್ಕೆ ವಿರೂಪಾಕ್ಷನ ಮುಂದಿನ ರಥಬೀದಿ. ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಸೂರ್ಯ ಮತಂಗ ಬೆಟ್ಟದ ಕಡೆಯಿಂದ ಮೇಲೆ ಬಂದಾಗ ಬೆಳಕು ಮೊದಲು ಗೋಪುರದ ತುದಿಗೆ ಬೀಳುತ್ತದೆ. ಆಮೇಲೆ ನೋಡನೋಡುತ್ತಿದ್ದಂತೆ ಅಂತಸ್ತು ಅಂತಸ್ತಾಗಿ ಕೆಳಗೆ ಇಳಿಯುತ್ತದೆ. ಬೀದಿ ಪೂರ್ತಿ ಸಮತಟ್ಟು, ಮಂಡಿಗೆ ತೊಂದರೆ ಇಲ್ಲ. ಆ ಹೊತ್ತಿನಲ್ಲಿ ಜನವೂ ಕಡಿಮೆ, ಯಜಮಾನರಿಗೂ ನಿರಾಳ. ಮತಂಗ ಬೆಟ್ಟದ ಮೇಲಿನ ಸೂರ್ಯೋದಯ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಕತ್ತಲಲ್ಲಿ ಏರಬೇಕು, ಕೆಲವು ಕಡೆ ಮೆಟ್ಟಿಲು ಮುರಿದಿವೆ.

ಸಂಜೆಗೆ ಹೇಮಕೂಟ. ಅದು ಬೆಟ್ಟ ಅಂತ ಹೆಸರಿಗೆ, ಹತ್ತುವಾಗ ಇಳಿಜಾರು ಬಂಡೆ ಅಷ್ಟೇ. ವಿರೂಪಾಕ್ಷ ದೇವಸ್ಥಾನದ ಪಕ್ಕದಿಂದಲೇ ಹತ್ತಬಹುದು. ಹಗಲೆಲ್ಲ ಕಾದ ಬಂಡೆ ಐದು ಗಂಟೆಗೂ ಬೆಚ್ಚಗಿರುತ್ತದೆ. ಕೂತರೆ ಸೀರೆಯೊಳಗಿಂದ ಆ ಶಾಖ ಗೊತ್ತಾಗುತ್ತದೆ. ಸಣ್ಣ ಸಣ್ಣ ಮಂಟಪಗಳ ಕಂಬದ ನೆರಳು ಉದ್ದವಾಗುತ್ತಾ ಹೋಗುತ್ತದೆ. ಅಲ್ಲಿ ಇಬ್ಬರೂ ಸುಮ್ಮನೆ ಕೂತು ಕೆಳಗಿನ ಗೋಪುರ ನೋಡುತ್ತಾ ಇದ್ದರೆ ಸಾಕು, ಫೋಟೋ ತಾನೇ ಆಗುತ್ತದೆ. ನಡು ಮಧ್ಯಾಹ್ನ ಮಾತ್ರ ಎಲ್ಲೂ ಬೇಡ. ಬಿಸಿಲು ನೆತ್ತಿ ಮೇಲಿದ್ದಾಗ ಕಣ್ಣಿನ ಕೆಳಗೆ ಕಪ್ಪು ನೆರಳು ಬಿದ್ದು ಮುಖವೆಲ್ಲ ದಣಿದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಊಟ ಮಾಡಿ ಮಲಗಿ.

ತುಂಗಭದ್ರೆಯಲ್ಲಿ ಹರಗೋಲಿನಲ್ಲಿ, ಅಂದರೆ ದುಂಡನೆಯ ಬುಟ್ಟಿ ದೋಣಿಯಲ್ಲಿ, ಕೂರಿಸಿ ತೆಗೆಯುತ್ತೇವೆ ಅಂತಲೂ ಹೇಳಬಹುದು. ಲೈಫ್ ಜಾಕೆಟ್ ಹಾಕಿಕೊಂಡೇ ಕೂತುಕೊಳ್ಳಿ. ಫೋಟೋಗೆ ಚೆನ್ನಾಗಿರಲ್ಲ, ಬಿಚ್ಚಿ ಅಂದರೆ ಕೇಳಬೇಡಿ. ಜಲಾಶಯದಿಂದ ನೀರು ಬಿಟ್ಟ ದಿನ ಹರಗೋಲು ನಿಲ್ಲಿಸುತ್ತಾರೆ, ಆಗ ಒತ್ತಾಯ ಮಾಡುವುದೂ ಬೇಡ. ಹೊಳೆಯಾಚೆ ಸಣಾಪುರದ ಕೆರೆ, ಕಾಲುವೆ ಕಡೆ ಕರೆದುಕೊಂಡು ಹೋದರೆ ಕತ್ತಲಾಗುವ ಮುಂಚೆ ವಾಪಸ್ ಬಂದುಬಿಡಿ. 2025ರ ಮಾರ್ಚ್‌ನಲ್ಲಿ ರಾತ್ರಿ ಹೊತ್ತು ಅಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ಭೀಕರ ದಾಳಿ ನಡೆಯಿತು. ಒಂದು ಜೀವ ಹೋಯಿತು. ಹೆದರಿಸಲು ಹೇಳುತ್ತಿಲ್ಲ, ‘ನಕ್ಷತ್ರದ ಕೆಳಗೆ ಶೂಟ್’ ಅಂತ ಯಾರಾದರೂ ಆಸೆ ತೋರಿಸಿದರೆ ನೆನಪಿರಲಿ ಅಂತ.

ಅನುಮತಿಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಹಂಪಿಯ ಮುಖ್ಯ ಸ್ಮಾರಕಗಳು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1986ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇವೆ. ಪ್ರವಾಸಿಗರು ತಮ್ಮ ಪಾಡಿಗೆ ಕೈಯಲ್ಲಿ ಕ್ಯಾಮೆರಾ ಹಿಡಿದು ಫೋಟೋ ತೆಗೆದರೆ ಯಾರೂ ಬೇಡ ಅನ್ನುವುದಿಲ್ಲ. ಟ್ರೈಪಾಡು, ಲೈಟು ಹೊತ್ತುಕೊಂಡು ಬಂದರೆ ಕಾವಲಿನವರು ತಡೆಯುತ್ತಾರೆ. ದುಡ್ಡು ಕೊಟ್ಟು ಮಾಡಿಸುವ ಶೂಟ್ ಆದರೆ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಇಲಾಖೆಯ ಕಚೇರಿ ಪಕ್ಕದ ಕಮಲಾಪುರದಲ್ಲೇ ಇದೆ. ಅನುಮತಿ ಯಾರು ತರುತ್ತಾರೆ, ಶುಲ್ಕ ಯಾರದ್ದು, ಸಿಗದಿದ್ದರೆ ಅಡ್ವಾನ್ಸ್ ವಾಪಸ್ಸಾ, ಈ ಮೂರನ್ನೂ ಬುಕಿಂಗ್ ದಿನವೇ ಕೇಳಿ. ‘ನಮಗೆ ಎಲ್ಲರೂ ಗೊತ್ತು, ನಡೆಯುತ್ತೆ’ ಅನ್ನುವವರನ್ನು ಬಿಟ್ಟುಬಿಡಿ. ಗೇಟಿನಲ್ಲಿ ತಡೆದಾಗ ತಲೆ ತಗ್ಗಿಸಿ ನಿಲ್ಲಬೇಕಾದವರು ನೀವು, ಯಜಮಾನರ ಸಂಕೋಚ ಆಗ ಇನ್ನೂ ಜಾಸ್ತಿಯಾಗುತ್ತದೆ. ಡ್ರೋನ್ ಮಾತಂತೂ ಬೇಡವೇ ಬೇಡ.

ಕಂಬ ತಬ್ಬಿಕೊಳ್ಳಿ, ಕಟ್ಟೆ ಹತ್ತಿ, ಶಿಲ್ಪಕ್ಕೆ ಒರಗಿ ಅಂದರೂ ಒಪ್ಪಬೇಡಿ. ವಿಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ಬಡಿದು ಬಡಿದೇ ಈಗ ಮುಟ್ಟಬಾರದು ಅಂತ ಆಗಿರುವುದು. 2019ರಲ್ಲಿ ಕೆಲವು ಹುಡುಗರು ಹಂಪಿಯಲ್ಲಿ ಒಂದು ಕಂಬವನ್ನು ತಳ್ಳಿ ಬೀಳಿಸಿ ವಿಡಿಯೋ ಮಾಡಿದ್ದರು. ಕೋರ್ಟು ದಂಡ ಹಾಕಿತು, ಅವರ ಕೈಯಲ್ಲೇ ಆ ಕಂಬವನ್ನು ಮತ್ತೆ ನಿಲ್ಲಿಸಿತು. ಆ ವಿಡಿಯೋ ನೋಡಿದ ದಿನ ನನಗೆ ಊಟ ಸೇರಲಿಲ್ಲ. ವಿರೂಪಾಕ್ಷನಿಗೆ ಈಗಲೂ ದಿನಾ ಪೂಜೆ ನಡೆಯುತ್ತದೆ. ಅಲ್ಲಿ ಮೊದಲು ದರ್ಶನ, ಕ್ಯಾಮೆರಾ ಆಮೇಲೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಹೇಳಿದೆನಲ್ಲ, ಎಲೆ ತೆಗೆದ ಫೋಟೋ. ಅದನ್ನು ತೆಗೆಸಿದ್ದು ಹನ್ನೆರಡು ವರ್ಷದ ಹಿಂದೆ, ಮಲೆನಾಡಿನ ಒಂದು ಊರಿನಲ್ಲಿ. ಹುಡುಗ ಒಳ್ಳೆಯವನೇ. ಆದರೆ ಅವನು ಕೆಲಸ ಮಾಡುತ್ತಿದ್ದ ಸ್ಟುಡಿಯೋದವರು ಆ ಫೋಟೋವನ್ನು ದೊಡ್ಡದು ಮಾಡಿ ಅಂಗಡಿ ಮುಂದೆ ಬೋರ್ಡಿಗೆ ಹಾಕಿದ್ದರು. ನಮಗೆ ತಿಳಿದದ್ದು ಆರು ತಿಂಗಳ ಮೇಲೆ, ನಾದಿನಿ ಅಲ್ಲಿಗೆ ಪ್ರವಾಸ ಹೋದಾಗ. ಫೋನ್ ಮಾಡಿ ಕೇಳಿದರೆ, ‘ನೀವೇ ಸೈನ್ ಮಾಡಿದ್ದೀರಲ್ಲ ಮೇಡಂ’ ಅಂದರು. ರಸೀದಿಯ ಹಿಂಬದಿ ನೋಡಿದೆ. ಸಣ್ಣ ಅಕ್ಷರದ ಒಂದು ಸಾಲು ಇತ್ತು. ಬೋರ್ಡು ಇಳಿಸಲು ಮೂರು ವಾರ ಹಿಡಿಯಿತು. ನಮ್ಮವರು ಏನೂ ಅನ್ನಲಿಲ್ಲ. ಆದರೆ ಆಮೇಲೆ ಬಹಳ ದಿನ ಎಲ್ಲಿಗೆ ಹೋದರೂ ಕ್ಯಾಮೆರಾ ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರು. ನನಗೆ ನೋವಾದದ್ದು ಅದಕ್ಕೆ.

ಆಗ ನನಗೆ ಗೊತ್ತಿಲ್ಲದ್ದು ನಿಮಗೆ ಈಗಲೇ ಗೊತ್ತಿರಲಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ನಿಮಗಾಗಿ ತೆಗೆಸಿಕೊಂಡ ಫೋಟೋದ ಮೊದಲ ಹಕ್ಕುದಾರರು ನೀವೇ. ತೆಗೆದವರಲ್ಲ. ಆದರೆ ಅದಕ್ಕೆ ವಿರುದ್ಧವಾದ ಒಪ್ಪಂದ ಇರಬಾರದು. ಆ ‘ವಿರುದ್ಧ ಒಪ್ಪಂದ’ವೇ ರಸೀದಿ ಹಿಂದಿನ ಸಣ್ಣ ಸಾಲು. ಬುಕಿಂಗ್ ಫಾರಂನ ಕೊನೆಯ ಪುಟದಲ್ಲೂ ಇರಬಹುದು. ‘ಚಿತ್ರಗಳನ್ನು ಪ್ರಚಾರಕ್ಕೆ ಬಳಸುವ ಹಕ್ಕು ನಮ್ಮದು’ ಅನ್ನುವ ಥರದ ಸಾಲು ಕಂಡರೆ ಹೊಡೆದುಹಾಕಿ ಅಂತ ಹೇಳಿ. ಹೇಳಲು ನಾಚಿಕೆ ಬೇಡ. ಜೊತೆಗೆ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ: ‘ನಮ್ಮನ್ನು ಕೇಳದೆ ಫೋಟೋ ಎಲ್ಲೂ ಹಾಕಬಾರದು, ಯಾರಿಗೂ ಕಳಿಸಬಾರದು.’ ಆ ಕಡೆಯಿಂದ ‘ಸರಿ’ ಅಂತ ಬಂದ ಮೇಲೆ ಅಡ್ವಾನ್ಸ್ ಕೊಡಿ. ಬೆಲೆಯಲ್ಲಿ ಐನೂರು ಚೌಕಾಸಿ ಮಾಡುವುದಕ್ಕಿಂತ ಇದರಲ್ಲಿ ಗಟ್ಟಿಯಾಗಿ ನಿಲ್ಲಿ. ಈ ಮೆಸೇಜನ್ನು ಯಜಮಾನರಿಗೂ ತೋರಿಸಿ. ಜನ ನೋಡುತ್ತಾರೆ ಅನ್ನುವ ಅವರ ಅಳುಕಿನಲ್ಲಿ ಅರ್ಧ ಅಲ್ಲೇ ಇಳಿಯುತ್ತದೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪೂರ್ತಿ ಹಣ ಮುಂಗಡ ಕೊಡಬೇಡಿ. ಸ್ವಲ್ಪ ಈಗ, ಸ್ವಲ್ಪ ಶೂಟ್ ದಿನ, ಉಳಿದದ್ದು ಫೋಟೋ ಕೈಗೆ ಬಂದ ಮೇಲೆ. ಎಷ್ಟು ಗಂಟೆ, ತಿದ್ದಿದ ಫೋಟೋ ಎಷ್ಟು, ಎಷ್ಟು ದಿನದೊಳಗೆ, ಹೊಸಪೇಟೆಯಿಂದ ಬರುವ ಖರ್ಚು ಸೇರಿದೆಯಾ, ಇದೆಲ್ಲ ಬರಹದಲ್ಲಿರಲಿ. ‘ರೀಫಂಡ್ ಕಳಿಸುತ್ತೇವೆ, ಪಿನ್ ಒತ್ತಿ’ ಅಂತ ಯಾರಾದರೂ ಅಂದರೆ ಅದು ಮೋಸ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಿಲ್ಲ. ಫೋಟೋಗಳನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ. ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಗಾತ್ರ ಕುಗ್ಗಿ, ದೊಡ್ಡದಾಗಿ ಪ್ರಿಂಟ್ ಹಾಕಿಸುವಾಗ ಮಸುಕಾಗುತ್ತದೆ. ಮದುವೆ ಫೋಟೋ ಪಕ್ಕದಲ್ಲೇ ಗೋಡೆಗೆ ಹಾಕಬೇಕಲ್ಲ.

ತಿದ್ದುವಾಗ ಮುಖ ನುಣ್ಣಗೆ ಮಾಡಬೇಡಿ ಅಂತಲೂ ಹೇಳಿಬಿಡಿ. ಕೇಳದಿದ್ದರೆ ಸುಕ್ಕು, ನರೆ ಎಲ್ಲ ಅಳಿಸಿ ಕಳಿಸುತ್ತಾರೆ. 25 ವರ್ಷದ ನಂತರದ ಫೋಟೋ ಬೇಕು ಅಂತ ತಾನೇ ನೀವು ಹೊರಟಿರುವುದು?

ಇಳಕಲ್ ಸೀರೆ ಖಂಡಿತ ಉಡಿ. ಹಂಪಿಯ ಬಂಡೆಗಳದ್ದು ಬೂದು ಕಂದು ಬಣ್ಣ, ಅದರ ಮುಂದೆ ಇಳಕಲ್‌ನ ಕೆಂಪು ಸೆರಗು ಎದ್ದು ಕಾಣುತ್ತದೆ. ಯಜಮಾನರಿಗೆ ಬಿಳಿ ಪಂಚೆ, ತಿಳಿ ಬಣ್ಣದ ಜುಬ್ಬಾ ಸಾಕು. ಅವರಿಗೆ ಪ್ಯಾಂಟೇ ಹಿತ ಅನ್ನಿಸಿದರೆ ಪ್ಯಾಂಟೇ ಇರಲಿ. ಬಂಡೆ ಮೇಲೆ ಜಾರದ ಚಪ್ಪಲಿ ಹಾಕಿಕೊಳ್ಳಿ, ಒಂದು ಬಾಟಲಿ ನೀರು ಜೊತೆಗಿರಲಿ. ಸೆರಗಿಗೆ ಎರಡು ಪಿನ್ನು ಜಾಸ್ತಿ ಇಟ್ಟುಕೊಳ್ಳಿ ಅಕ್ಕಾ, ಸಂಜೆ ಹೊತ್ತು ಹೇಮಕೂಟದ ಮೇಲೆ ಗಾಳಿ ಬೀಸುತ್ತದೆ.