ಒಂದೇ ಪೇಪರ್, ಎರಡು ಜರ್ನಲ್, ಮೂರನೇ ಹೆಸರು

(ಆಪ್ತಸಲಹೆ ಪ್ರಕರಣ. ಗುರುತು ಸಿಗದಂತೆ ವಿಷಯ, ಬೆಳೆ, ಮೊತ್ತಗಳನ್ನು ಬದಲಿಸಲಾಗಿದೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಬರೆದದ್ದು.)

ಬಂದಾಗಿನ ಸ್ಥಿತಿ

ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡಿರುವ ಸಂಶೋಧನಾ ವಿದ್ಯಾರ್ಥಿನಿ. ವಯಸ್ಸು ಮೂವತ್ತರ ಹತ್ತಿರ, ಪಿಎಚ್‌ಡಿಯ ನಾಲ್ಕನೇ ವರ್ಷ. ಮೂರು ವಾರದಿಂದ ನಿದ್ದೆ ಕೆಟ್ಟಿದೆ, ಮೆಸ್ಸಿನ ಡಬ್ಬಿ ಅರ್ಧ ಹಾಗೇ ವಾಪಸು ಹೋಗುತ್ತದೆ, ಫೋನಿನಲ್ಲಿ ಮೇಲ್ ಬಂದ ಸದ್ದಾದರೆ ಎದೆ ಡವಗುಡುತ್ತದೆ. ಮೊದಲ ಭೇಟಿಯಲ್ಲಿ ಹೇಳಿದ್ದು ಇಷ್ಟೇ: "ಪಿಎಚ್‌ಡಿ ಬಿಟ್ಟು ಊರಿಗೆ ಹೋಗಿಬಿಡ್ತೀನ್ರಿ ಮೇಡಂ. ನಾ ಮಾಡಿದ್ದು ಕಳವು ಐತ್ರಿ. ಗೊತ್ತಾದ್ರ ನಮ್ಮಪ್ಪಗ ಮುಖ ಹೆಂಗ ತೋರಿಸ್ಲಿ?"

ಇಂಥ ಮಾತು ಬಂದಾಗ ಜೀವ ಕಳೆದುಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಲಾಯಿತು, ಇರಲಿಲ್ಲ. ನಿದ್ದೆಯ ತೊಂದರೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸಿಕೊಳ್ಳಲು ಹೇಳಿ, ರಾತ್ರಿ ಹೊತ್ತು ಗಾಬರಿ ಹೆಚ್ಚಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಡಲಾಯಿತು. ಇಷ್ಟಾದ ಮೇಲೆಯೇ ಪೇಪರಿನ ಮಾತು.

ನಡೆದದ್ದು

ಮೆಣಸಿನಕಾಯಿ ಬೆಳೆಯುವ 240 ರೈತರ ಸಮೀಕ್ಷೆ ಮಾಡಿ, ಅದರ ಮೇಲೆ ಪೇಪರ್ ಬರೆದು ಸೆಪ್ಟೆಂಬರಿನಲ್ಲಿ ಒಂದು ಒಳ್ಳೆಯ ತ್ರೈಮಾಸಿಕ ಜರ್ನಲ್‌ಗೆ ಕಳಿಸಿದ್ದರು. ಲೇಖಕರು ಇಬ್ಬರು: ತಾನು, ತನ್ನ ಗೈಡ್. ನಾಲ್ಕು ತಿಂಗಳು ಉತ್ತರವಿಲ್ಲ. ಪಿಎಚ್‌ಡಿಯ ಪ್ರಗತಿ ನೋಡುವ ಸಂಶೋಧನಾ ಸಲಹಾ ಸಮಿತಿಯ ಸಭೆ ಹತ್ತಿರ ಬಂತು. ವಿಭಾಗದ ಇನ್ನೊಬ್ಬ ಅಧ್ಯಾಪಕರು ಒಂದು ವಾಟ್ಸಾಪ್ ಜಾಹೀರಾತು ಫಾರ್ವರ್ಡ್ ಮಾಡಿ, "ಇಲ್ಲಿ ಹಾಕು, ವಾರದಾಗ ಬರ್ತದ. ನನ್ನ ಹೆಸರೂ ಸೇರಿಸು" ಎಂದರು. ಅವರಿಗೆ ಬಡ್ತಿಗೆ ಅಂಕ ಬೇಕಿತ್ತು. ಗೈಡ್ "ಆತು, ಹಾಕು" ಎಂದರು. 2,500 ರೂಪಾಯಿ ಕಟ್ಟಿ, ಅದೇ ಪೇಪರನ್ನು ಮೂರು ಹೆಸರಿನಲ್ಲಿ ಅಲ್ಲಿಗೂ ಕಳಿಸಿದರು. ಎರಡೇ ದಿನಕ್ಕೆ ಸ್ವೀಕಾರ ಪತ್ರ ಬಂತು.

ಅದಾದ ಹದಿನೈದು ದಿನಕ್ಕೆ ಮೊದಲಿನ ಜರ್ನಲ್‌ನಿಂದ ಮೇಲ್ ಬಂತು: ಇಬ್ಬರು ರಿವ್ಯೂವರ್‌ಗಳ (ಪೇಪರ್ ಓದಿ ತೂಗಿನೋಡುವ ತಜ್ಞರ) ಆರು ಪುಟದ ಟಿಪ್ಪಣಿ, ತಿದ್ದಿ ಕಳಿಸಲು 30 ದಿನ. ಸಂತೋಷಪಡಬೇಕಾದ ಆ ಮೇಲ್ ನೋಡಿಯೇ ಕೈಕಾಲು ತಣ್ಣಗಾದವು. ಪೇಪರ್ ಕಳಿಸುವಾಗ "ಇದು ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ" ಎಂದು ಟಿಕ್ ಹಾಕಿದ್ದು ನೆನಪಾಯಿತು. ಆವತ್ತಿನಿಂದ ಮೇಲ್ ತೆರೆಯುವುದನ್ನೇ ಬಿಟ್ಟರು. ನಮ್ಮಲ್ಲಿಗೆ ಬಂದಾಗ ಆ 30 ದಿನಗಳಲ್ಲಿ ಒಂಬತ್ತು ಉಳಿದಿದ್ದವು.

ಸ್ವೀಕಾರ ಪತ್ರವನ್ನು ಟೇಬಲ್ ಮೇಲೆ ಹರಡಿ ಒಟ್ಟಿಗೇ ನೋಡಿದೆವು. ನೇರಳೆ ಬಣ್ಣದ ಸೀಲು, ಮೇಲ್ಗಡೆ ದಪ್ಪಕ್ಷರದಲ್ಲಿ "ಇಂಪ್ಯಾಕ್ಟ್ ಫ್ಯಾಕ್ಟರ್ 6.8", ಕೆಳಗೆ ಒಬ್ಬ ವ್ಯಕ್ತಿಯ ಹೆಸರಿನ ಯುಪಿಐ ಐಡಿ. ರಿವ್ಯೂವರ್ ಬರೆದ ಒಂದು ಸಾಲೂ ಇಲ್ಲ. ಎಂಟು ಅಂಕಿಯ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿದರೆ ಬೇರೆಯದೇ ಪತ್ರಿಕೆಯ ಹೆಸರು ಬಂತು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಐಎಸ್‌ಎಸ್‌ಎನ್ ಪತ್ರಿಕೆಯನ್ನು ಗುರುತಿಸುವ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದನ್ನು (ಪತ್ರಿಕೆಯ ಲೇಖನಗಳನ್ನು ಬೇರೆ ಲೇಖನಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸಿವೆ ಎಂಬ ಅಂಕಿ) ವರ್ಷಕ್ಕೊಮ್ಮೆ ಪ್ರಕಟಿಸುವುದು ಕ್ಲಾರಿವೇಟ್ ಸಂಸ್ಥೆ. ಅದರ ಪಟ್ಟಿಯಲ್ಲಿಲ್ಲದ ಪತ್ರಿಕೆ ತಾನೇ ಅಚ್ಚುಹಾಕಿಕೊಂಡ ಅಂಕಿಗೆ ಬೆಲೆಯಿಲ್ಲ. ಹಾಗಂತ ಹಣ ಕೇಳಿದ ಜರ್ನಲ್ಲುಗಳೆಲ್ಲ ಖೋಟಾ ಎಂದಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಬಿಡುವ ಎಷ್ಟೋ ಪ್ರಾಮಾಣಿಕ ಜರ್ನಲ್ಲುಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ. ಓದದೆ ಒಪ್ಪಿಕೊಳ್ಳುವುದೇ ಖೋಟಾ ಜರ್ನಲ್ಲಿನ ಗುರುತು.

ನಮಗೆ ಕಂಡದ್ದು

ಆಕೆಯ ತಲೆಯಲ್ಲಿ ಎಲ್ಲವೂ ಸೇರಿ "ಕಳವು" ಆಗಿತ್ತು. ಬಿಡಿಸಿದರೆ ಮೂರು ಬೇರೆ ಬೇರೆ ಸಂಗತಿಗಳು. ಏಕಕಾಲಕ್ಕೆ ಎರಡು ಕಡೆ ಕಳಿಸಿದ್ದು ಆಕೆಯದೇ ತಪ್ಪು. ಇದನ್ನು ತೇಲಿಸಿ ಮಾತಾಡಲಿಲ್ಲ. ಸಂಬಳವಿಲ್ಲದೆ ಕೂತು ಆರು ಪುಟ ಬರೆದ ಇಬ್ಬರ ಶ್ರಮವನ್ನು ಇದು ಹಗುರ ಮಾಡುತ್ತದೆ. ಎರಡೂ ಕಡೆ ಅಚ್ಚಾದರೆ ಒಂದೇ ಸಮೀಕ್ಷೆ ಎರಡು ಪುರಾವೆಯಾಗಿ ಎಣಿಕೆಯಾಗುತ್ತದೆ. ಮೂರನೇ ಹೆಸರು ಒತ್ತಡಕ್ಕೆ ಸೇರಿದ್ದು, ಅದರ ಹೊಣೆ ಮುಖ್ಯವಾಗಿ ಹಿರಿಯರದ್ದು. ಮೇಲ್ ತೆರೆಯದಿದ್ದದ್ದು ಬರೀ ಭಯ. ಆದರೆ ಹೆಚ್ಚು ನಷ್ಟ ಮಾಡುತ್ತಿದ್ದದ್ದು ಈ ಭಯವೇ, ಯಾಕೆಂದರೆ ಪ್ರಕಟಣೆಯ ತಪ್ಪಿಗೆ ಗಡುವಿದೆ. ಅಚ್ಚಾಗುವ ಮೊದಲು ಒಂದು ಪತ್ರ ಬರೆದು ಪೇಪರ್ ವಾಪಸು ಪಡೆಯಬಹುದು. ಅಚ್ಚಾದ ಮೇಲೆ ಅದು ರಿಟ್ರ್ಯಾಕ್ಷನ್ (ಜರ್ನಲ್ ಬಹಿರಂಗವಾಗಿ ಹಿಂತೆಗೆಯುವುದು), ಹೆಸರಿನ ಜೊತೆ ಕೊನೆವರೆಗೂ ಉಳಿಯುತ್ತದೆ.

ಕೊಟ್ಟ ಸಲಹೆ

ಮೊದಲು ದುಡ್ಡು ಕಟ್ಟಿದ ಜರ್ನಲ್. ಕಾಪಿರೈಟ್ ಫಾರ್ಮಿಗೆ ಆಕೆ ಇನ್ನೂ ಸಹಿ ಹಾಕಿರಲಿಲ್ಲ, ಅದು ದೊಡ್ಡ ಅನುಕೂಲವಾಯಿತು. ಪತ್ರ ಗೈಡ್‌ಗೆ ಪ್ರತಿ ಹಾಕಿ ಅದೇ ದಿನ ಹೋಗಬೇಕು, ನಾಲ್ಕೇ ಸಾಲಿರಬೇಕು: ಪೇಪರಿನ ಸಂಖ್ಯೆ ಮತ್ತು ಶೀರ್ಷಿಕೆ, ವಾಪಸು ಪಡೆಯುತ್ತಿದ್ದೇನೆ, ಹಕ್ಕು ವರ್ಗಾಯಿಸಿಲ್ಲ, ಪ್ರಕಟಿಸಬಾರದು. ಕಾರಣದ ಪುರಾಣ ಬೇಡ, ಕ್ಷಮೆಯೂ ಬೇಡ. ಅವರು "ವಿತ್‌ಡ್ರಾವಲ್ ಶುಲ್ಕ" ಕೇಳುವ ಸಾಧ್ಯತೆ ಹೆಚ್ಚು. ಕೊಡಬಾರದು, ವಾದಿಸಲೂಬಾರದು, ಅದೇ ಪತ್ರವನ್ನು ಇನ್ನೊಮ್ಮೆ ಕಳಿಸಬೇಕು. 2,500 ಹೋಯಿತೆಂದೇ ತಿಳಿಯಬೇಕು. ಪಾವತಿಯ ಸ್ಕ್ರೀನ್‌ಶಾಟ್, ಪತ್ರ ಹೋದ ದಿನಾಂಕ ಜೋಪಾನವಾಗಿರಬೇಕು.

ಆಮೇಲೆ ಒಳ್ಳೆಯ ಜರ್ನಲ್‌ನ ಎಡಿಟರ್‌ಗೆ ಪತ್ರ, ತಿದ್ದಿದ ಪೇಪರ್ ಕಳಿಸುವ ಮೊದಲೇ. ಇಲ್ಲಿ ಆಕೆ ಹಟ ಹಿಡಿದರು: "ಸುಮ್ನಿದ್ರ ಯಾರಿಗೂ ಗೊತ್ತಾಗೂದಿಲ್ಲಲ್ರೀ." ಗೊತ್ತಾಗುತ್ತದೆ. ತಿದ್ದಿದ ಪ್ರತಿಯನ್ನು ಸಾಮ್ಯತೆ ತಪಾಸಣೆಗೆ (ಬೇರೆ ಬರಹಗಳ ಜೊತೆ ಎಷ್ಟು ಹೊಂದುತ್ತದೆ ಎಂದು ನೋಡಲು) ಹಾಕುವ ಜರ್ನಲ್ಲುಗಳು ಬಹಳ. ಅಷ್ಟರಲ್ಲಿ ಆ ಇನ್ನೊಂದು ಪ್ರತಿ ಜಾಲದಲ್ಲಿ ಬಿದ್ದಿದ್ದರೆ ಸಿಕ್ಕೇ ಸಿಗುತ್ತದೆ. 1997ರಲ್ಲಿ ಶುರುವಾದ, ಪ್ರಕಟಣೆಯ ನೈತಿಕತೆಗೆ ಮೀಸಲಾದ ಕೋಪ್ ಸಂಸ್ಥೆ ಎಡಿಟರುಗಳಿಗೆ ಹಂತಹಂತದ ದಾರಿ ಹಾಕಿಕೊಟ್ಟಿದೆ: ಮೊದಲು ಲೇಖಕರನ್ನು ಕೇಳು, ಸಮಾಧಾನಕರ ಉತ್ತರ ಬರದಿದ್ದರೆ ಅವರ ಸಂಸ್ಥೆಗೆ ಬರೆ. ತಾನಾಗಿ ಹೇಳಿದವರ ಮುಂದೆ ಆ ಪ್ರಶ್ನೆ ಬೇರೆ ದನಿಯಲ್ಲಿ ಬರುತ್ತದೆ. ಆದರೂ ಎಡಿಟರ್ ತಿರಸ್ಕರಿಸಬಹುದು, ಅದು ಅವರ ಹಕ್ಕು ಎಂಬುದನ್ನೂ ಮುಚ್ಚಿಡದೆ ಹೇಳಲಾಯಿತು.

ತಿದ್ದಿದ ಪೇಪರಿನಲ್ಲೂ ಮೂರನೇ ಹೆಸರು ಸೇರಿಸಬೇಕೇ ಎಂಬುದು ನಾಜೂಕಿನದು. ಲೇಖಕರೆನಿಸಿಕೊಳ್ಳಲು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಹೇಳುವ ನಾಲ್ಕು ಷರತ್ತುಗಳನ್ನು ಈಗ ಬೇರೆ ವಿಷಯದವರೂ ಬಳಸುತ್ತಾರೆ: ಯೋಜನೆ, ದತ್ತಾಂಶ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲಿರಬೇಕು; ಬರೆದಿರಬೇಕು ಅಥವಾ ತೂಕದ ತಿದ್ದುಪಡಿ ಮಾಡಿರಬೇಕು; ಅಂತಿಮ ಪ್ರತಿ ಒಪ್ಪಿರಬೇಕು; ಇಡೀ ಕೆಲಸಕ್ಕೆ ಹೊಣೆಗಾರರಾಗಿರಬೇಕು. ನಾಲ್ಕೂ ಬೇಕು, ಯಾವುದೋ ಒಂದು ಸಾಲದು. ಗೈಡ್ ಪ್ರಶ್ನಾವಳಿ ರೂಪಿಸಿದ್ದರು, ಕರಡನ್ನು ಎರಡು ಸಲ ತಿದ್ದಿದ್ದರು. ಅವರ ಹೆಸರು ನ್ಯಾಯವಾದದ್ದು. ಇನ್ನೊಬ್ಬರು ಪೇಪರ್ ಓದಿರಲೂ ಇಲ್ಲ.

ಇದನ್ನು ಗೈಡ್ ಮುಂದೆ ಹೇಳುವುದು ಹೇಗೆ? ಜಗಳಕ್ಕೆ ಹೋಗಬಾರದು, ನಿಯಮ ಓದಿ ಹೇಳಲೂಬಾರದು. ಒಳ್ಳೆಯ ಜರ್ನಲ್‌ನಲ್ಲಿ ಯಾರು ಏನು ಮಾಡಿದರು ಎಂದು 14 ಬಗೆಯ ಪಾತ್ರಗಳಲ್ಲಿ ಗುರುತು ಹಾಕುವ ಫಾರ್ಮ್ ಇತ್ತು. ಖಾಲಿ ಫಾರ್ಮ್ ಮುದ್ರಿಸಿಕೊಂಡು ಹೋಗಿ ಗೈಡ್ ಮುಂದಿಟ್ಟು ಕೇಳಲು ಹೇಳಿದೆವು. ಮಾತನ್ನು ಕೊಠಡಿಯಲ್ಲೇ ನಾಲ್ಕು ಸಲ ಆಡಿಸಿ ರೂಢಿ ಮಾಡಿಸಲಾಯಿತು: "ಸರ್, ಜರ್ನಲ್‌ನವರು ಯಾರ್ಯಾರು ಏನೇನ್ ಮಾಡ್ಯಾರ ಬರದು ಕೊಡ್ರಿ ಅಂದಾರ್ರಿ. ಇವರ ಹೆಸರಿನ ಮುಂದ ಏನಂತ ಬರೀಲ್ರಿ?" ಮೊದಲ ಸಲ ದನಿ ನಡುಗಿತು, ನಾಲ್ಕನೇ ಸಲಕ್ಕೆ ನಿಂತಿತು.

ರಿವ್ಯೂವರ್ ಇನ್ನೊಂದು ಪ್ರಶ್ನೆ ಎತ್ತಿದ್ದರು: ಮೂರನೇ ಕೋಷ್ಟಕದ ಮೊತ್ತ 238 ಏಕೆ? ಇಬ್ಬರು ರೈತರು ಆದಾಯ ಹೇಳಿರಲಿಲ್ಲ. ಸರಾಸರಿ ತುಂಬಿ 240 ಮಾಡು ಎಂದು ಗೆಳತಿಯೊಬ್ಬಳು ಹೇಳಿದ್ದಳಂತೆ. ತಿಳಿಸದೆ ಹಾಗೆ ತುಂಬಿದರೆ ಅದು ದತ್ತಾಂಶ ತಿರುಚಿದ ಹಾಗೆ, ಎರಡು ಕಡೆ ಕಳಿಸಿದ್ದಕ್ಕಿಂತ ದೊಡ್ಡ ತಪ್ಪು. ಕೋಷ್ಟಕದ ಕೆಳಗೆ "ಇಬ್ಬರು ಉತ್ತರಿಸಿಲ್ಲ" ಎಂದು ಒಂದು ಸಾಲು ಸಾಕು.

ಸಾಮ್ಯತೆ ಶೇ. 23 ಬಂದಿದ್ದಕ್ಕೂ ಹೆದರಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ. 10ರವರೆಗೆ ದಂಡನೆಯಿಲ್ಲ, 10ರಿಂದ 40ರ ನಡುವೆ ಬಂದ ಪಿಎಚ್‌ಡಿ ಪ್ರಬಂಧವನ್ನು ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಉದ್ಧರಣೆ, ಗ್ರಂಥಸೂಚಿ ಲೆಕ್ಕಕ್ಕಿಲ್ಲ. ಅವನ್ನು ತೆಗೆದು ಮತ್ತೆ ನೋಡಿದಾಗ ಉಳಿದದ್ದು ಹಿಂದಿನ ಅಧ್ಯಯನಗಳ ಭಾಗದ ಎರಡು ಪ್ಯಾರಾ. ಪದ ಬದಲಿಸುವ ಸರ್ಕಸ್ಸು ಬೇಡ, ಮೂಲ ಓದಿ, ಮುಚ್ಚಿಟ್ಟು, ಸ್ವಂತ ಮಾತಿನಲ್ಲಿ ಬರೆದು ಆಕರ ಕೊಡಿ ಎಂದೆವು.

ಅಷ್ಟು ಅವಸರವಾದರೂ ಏಕಿತ್ತು? ಪ್ರಬಂಧ ಸಲ್ಲಿಸುವ ಮೊದಲು ಪೇಪರ್ ಕಡ್ಡಾಯ ಎಂಬ ಷರತ್ತನ್ನು ಯುಜಿಸಿ 2022ರ ಪಿಎಚ್‌ಡಿ ನಿಯಮಗಳಲ್ಲಿ ಕೈಬಿಟ್ಟಿದೆ. ತಾನು ಮಾನ್ಯ ಮಾಡಿದ ಜರ್ನಲ್ಲುಗಳ ಕೇರ್ ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದೆ. ಆದರೂ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಳ್ಳಬಹುದು. ತನ್ನ ನೋಂದಣಿ ವರ್ಷಕ್ಕೆ ಯಾವ ನಿಯಮ ಎಂದು ಪಿಎಚ್‌ಡಿ ವಿಭಾಗಕ್ಕೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಲು ಹೇಳಲಾಯಿತು. ಸೀನಿಯರ್‌ಗಳ ಬಾಯಿಮಾತು ಇದಕ್ಕೆ ಸಾಲದು.

ಮುಂದೆ ಆದದ್ದು

ಎರಡೂ ಪತ್ರಗಳನ್ನು ನಮ್ಮ ಕೊಠಡಿಯಲ್ಲೇ ಕೂತು ಕಳಿಸಿದರು. ದುಡ್ಡಿನ ಜರ್ನಲ್ 4,000 ರೂಪಾಯಿ ಕೇಳಿತು. ಎರಡನೇ ಪತ್ರದ ನಂತರ ಸುಮ್ಮನಾಯಿತು, ಪೇಪರ್ ಹಾಕಲಿಲ್ಲ. ಒಳ್ಳೆಯ ಜರ್ನಲ್‌ನ ಎಡಿಟರ್, ಅಲ್ಲಿಂದ ಪೇಪರ್ ವಾಪಸು ಪಡೆದ ಪತ್ರದ ಪ್ರತಿ ಕೇಳಿ, ಹತ್ತು ದಿನ ಹೆಚ್ಚಿಗೆ ಕೊಟ್ಟರು. ಗೈಡ್ ಫಾರ್ಮ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಬ್ಬರದೇ ಇರಲಿ ಬಿಡು" ಎಂದರು. ಪೇಪರ್ ಈಗ ಎರಡನೇ ಸುತ್ತಿನ ಪರಿಶೀಲನೆಯಲ್ಲಿದೆ. ನಿದ್ದೆ ಬರುತ್ತಿದೆ.

ಹೆಸರು ಬಿಟ್ಟುಹೋದ ಅಧ್ಯಾಪಕರು ಈಗ ನಮಸ್ಕಾರಕ್ಕೂ ತಿರುಗಿ ನೋಡುವುದಿಲ್ಲ, ಸಲಹಾ ಸಮಿತಿಯಲ್ಲೂ ಇದ್ದಾರೆ. ಆ ಅಂಜಿಕೆ ಹೋಗಿಲ್ಲ. ಪ್ರತಿ ಸಭೆಯ ನಡಾವಳಿಯ ಪ್ರತಿ ಕೇಳಿ ಪಡೆಯಬೇಕು; ಕಾರಣ ಬರೆಯದೆ ಪ್ರಗತಿ ವರದಿ ತಡೆದರೆ ವಿಭಾಗದ ಮುಖ್ಯಸ್ಥರಿಗೆ, ಆಮೇಲೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿಗೆ, ಅಲ್ಲೂ ಆಗದಿದ್ದರೆ 2023ರ ಯುಜಿಸಿ ನಿಯಮದಂತೆ ನೇಮಕವಾಗಿರುವ ಒಂಬುಡ್ಸ್‌ಪರ್ಸನ್‌ಗೆ (ದೂರು ಕೇಳುವ ಸ್ವತಂತ್ರ ಅಧಿಕಾರಿಗೆ) ಬರೆಯಬಹುದು ಎಂದು ತಿಳಿಸಲಾಗಿದೆ. ಮುಂದಿನ ಸಭೆಗೆ ಮೊದಲು ಒಮ್ಮೆ ಬಂದು ಹೋಗಲು ಹೇಳಿದ್ದೇವೆ.